ಮಾವನ ಕೋವಿಗೆ ಒಂಬತ್ತು ತೋಟೆ

ಮಾಸ್ತರ: ಕೋವಿ ಸತ್ತದೆ. ನಾಳೆ ಸೋಮವಾರ ಕುಮಟೆ ಠಾಣೆಗೆ ಹೋಗಿ ಜಮಾ ಮಾಡಿ, ರಸೀದಿ ತಕಂಡು ಬತ್ತೆ. ಮುಗೀತು ಮಾತು.

ವನಮಾಲಾ: ಸತ್ತದ್ದು ಕೋವಿ ಅಲ್ಲ, ನಿಮ್ಮ ತೋಟೆ. ಸಂತೆಲಿ ಬದನೆಕಾಯಿ ಆರ್ಸೂಕೆ ಬರದವ್ರು ತೋಟೆ ಆರ್ಸೂಕೆ ಹೋದ್ರೆ ಹೀಂಗೇ ಆಗೂದು.

ಮಾಸ್ತರ: ಬದನೆಕಾಯಿ ಮಾತು ಇಲ್ಲಿ ಎಂತಕ್ಕೆ?

ವನಮಾಲಾ: ಮೊನ್ನೆ ನೀವು ತಂದದ್ದು ಕೊಯ್ದ್ರೆ ಒಳಗೆ ಹುಳ ಸಂಸಾರ ಹೂಡಿತ್ತು, ಅದಕ್ಕೆ.

ಅಘನಾಶಿನಿಯಲ್ಲಿ ಜಟ್ಟಿ ಮಾಸ್ತರರ ಮನೆಯ ಹಿತ್ತಲು. ೧೯೬೧ನೇ ಇಸವಿ, ಚೌತಿ ಕಳೆದ ಮೇಲಿನ ಭಾನುವಾರ, ಬೆಳಗಿನ ಹೊತ್ತು. ಜಗಳಕ್ಕೆ ಕಾರಣವಾದದ್ದು ಕಟ್ಟೆಯ ಮೇಲೆ ತಣ್ಣಗೆ ಮಲಗಿದೆ. ಅದು ವನಮಾಲಾಳ ಅಪ್ಪ ತಿಮ್ಮಪ್ಪ ನಾಯ್ಕರ ಜೋಡುನಳಿಗೆ ಕೋವಿ. ಗಂಡುಮಕ್ಕಳಿಲ್ಲದ ನಾಯ್ಕರು ಒಂಬತ್ತು ವರ್ಷದ ಹಿಂದೆ ತೀರಿಕೊಂಡಾಗ ಮನೆ, ಗಜನಿ ಗದ್ದೆ, ಕೋವಿ ಮೂರೂ ಮಗಳಿಗೆ ಬಂದವು. ಮಾಸ್ತರರು ಅವಕ್ಕಿಂತ ಮೊದಲೇ ಮನೆ ಅಳಿಯನಾಗಿ ಬಂದು ಸೇರಿಕೊಂಡಿದ್ದರು.

ಹಿನ್ನೀರಿನ ಅಂಚಿನ ಆ ಗಜನಿಯಲ್ಲಿ ಕಗ್ಗದ ಭತ್ತ ಹಾಲುಗಟ್ಟುವ ಹೊತ್ತಿಗೆ ನೀರುಕೋಳಿಗಳ ದಂಡು ಇಳಿಯುತ್ತದೆ. ಆಕಾಶಕ್ಕೆ ಒಂದು ಈಡು ಹಾರಿಸಿದರೆ ಎರಡು ದಿನ ಅವುಗಳ ಸುಳಿವಿರುವುದಿಲ್ಲ. ಆದರೆ ಈ ವರ್ಷ ಕೋವಿ ಎರಡು ಸಲವೂ ಬರೀ ‘ಟಿಕ್’ ಎಂದು ಸುಮ್ಮನಾಯಿತು. ನೀರುಕೋಳಿಗಳು ತಲೆಯೆತ್ತಿ ನೋಡಿ, ಏನೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಮತ್ತೆ ಊಟಕ್ಕೆ ಕೂತವು.

ಮಾಸ್ತರ: ಸರಿ, ಬಾಯಿಮಾತು ಬೇಡ. ಪರೀಕ್ಷೆ ಮಾಡ್ವ. ಹುಬ್ಬಳ್ಳಿಯಿಂದ ತಂದ ನವಿಲು ಮಾರ್ಕು ಮೂರು ಅದೆ. ಮುಂಬೈಯಿಂದ ತರ್ಸಿದ ಗಂಟೆ ಮಾರ್ಕು ಮೂರು. ನಿಮ್ಮಪ್ಪನ ಪೆಟ್ಟಿಗೆಲಿ ಉಳ್ದ ಲಂಗರು ಮಾರ್ಕು ಮೂರು. ಯಾವುದಾದ್ರೂ ಒಂದು ಮಾರ್ಕು ಮೂರಕ್ಕೆ ಮೂರೂ ಹಾರ್ತೋ, ತಪ್ಪು ಉಳ್ದ ತೋಟೆದು. ಕೋವಿ ಮನೇಲಿ ಇರ್ತದೆ. ಒಂದು ಮಾರ್ಕೂ ಪಾಸಾಗ್ಲಿಲ್ವೋ, ತಪ್ಪು ಕೋವಿದು. ನಾಳೆ ಠಾಣೆಗೆ.

ವನಮಾಲಾ: ಆತು. ಬರ್ಕಣಿ. ಆಮೇಲೆ ನಾನು ಹಂಗೆ ಹೇಳೇ ಇಲ್ಲ ಅಂತ ಜಾರ್ಕಣೂಕಿಲ್ಲ.

ಮಾಸ್ತರ: ನಾನು ಯಾವಾಗ ಜಾರಿದ್ದೆ?

ವನಮಾಲಾ: ಹಿತ್ತಲ ಸುತ್ತ ಪಾಗಾರ ಕಟ್ಟಿಸ್ತೆ ಅಂದದ್ದು ನಮ್ಮ ಲಕ್ಕಿ ಹುಟ್ಟಿದ ವರ್ಷ. ಅವ್ಳು ಈಗ ನಾಕನೇ ಇಯತ್ತೆ.

ಮಾಸ್ತರರು ಪಾಗಾರದ ಮಾತಿಗೆ ಬೆನ್ನು ತಿರುಗಿಸಿ ಶಾಲೆಯ ಪಟ್ಟಿ ಪುಸ್ತಕದಲ್ಲಿ ಮೂರು ಮನೆ ಗೆರೆ ಎಳೆದರು. ಅಷ್ಟರಲ್ಲಿ ಕುಪ್ಪ ಗೌಡ ಬಂದ. ಅವನು ತಿಮ್ಮಪ್ಪ ನಾಯ್ಕರ ಕಾಲದಿಂದಲೂ ಗದ್ದೆ ಕಾವಲಿನವನು. ಕೋವಿಯ ಲೈಸೆನ್ಸಿನಲ್ಲಿ ಕಾವಲುಗಾರನೆಂದು ಅವನ ಹೆಸರನ್ನೂ ಬರೆದಿದ್ದಾರೆ. ಈಡು ಹಾರಿಸುವುದು ಅವನ ಕೆಲಸ, ಹಾರಿತೋ ಇಲ್ಲವೋ ಎಂದು ತೀರ್ಪು ಹೇಳುವುದು ಮಾಸ್ತರರ ಕೆಲಸ.

ಕುಪ್ಪ: ತೋಟೆ ಎಲ್ಲಿ ಅವೆ ತಂಗೀ?

ವನಮಾಲಾ: ಒಲೆ ಮೇಲಿನ ಅಟ್ಟದಲ್ಲಿ ಒಣಗೂಕೆ ಇಟ್ಟೇನೆ, ಸಿಗಡಿ ಬುಟ್ಟೀಲಿ.

ಮಾಸ್ತರ: ಒಲೆ ಮೇಲೆ? ತೋಟೆನಾ? ಏ ಮಾರಾಯ್ತಿ, ಅದರೊಳಗೆ ಮದ್ದು ಇರ್ತದೆ!

ವನಮಾಲಾ: ಮಳೆಗಾಲ ಕಳ್ದ ಮೇಲೆ ಅಪ್ಪ ಹಂಗೇ ಒಣಗಿಸ್ತಿದ್ರು. ಈ ಮನೆ ಎಂತಾದ್ರೂ ಹಾರಿ ಹೋತಾ?

ಮಾಸ್ತರ: ನಿಮ್ಮಪ್ಪ ಗಟ್ಟಿ ಆಯುಷ್ಯದವ್ರು. ನಂದು ಅಷ್ಟು ಗಟ್ಟಿ ಅಲ್ಲ.

ವನಮಾಲಾ: ಅದಕ್ಕೇ ಮೂರು ದಿನದಿಂದ ಅದೇ ಒಲೆ ಮುಂದೆ ಕೂತು ಚಾ ಕುಡೀತಿದ್ರಾ?

ಮಾಸ್ತರರು ತಾವು ಮೂರು ದಿನ ಎಲ್ಲಿ ಕೂತಿದ್ದೆವೆಂದು ನೆನೆದು ಸ್ವಲ್ಪ ಬೆವರಿದರು. ವನಮಾಲಾ ಬುಟ್ಟಿ ತಂದಳು. ಒಂಬತ್ತು ತೋಟೆಗೂ ಒಣಸಿಗಡಿಯ ವಾಸನೆ. ಮನೆಯ ಬೆಕ್ಕು ಹಿಂದೆಯೇ ಬಂತು. ಕುಪ್ಪ ನವಿಲು ಮಾರ್ಕಿನ ಒಂದು ತೋಟೆಯನ್ನು ನಳಿಗೆಗೆ ತುರುಕಲು ನೋಡಿದ. ಅದು ಅರ್ಧಕ್ಕೇ ನಿಂತಿತು.

ಕುಪ್ಪ: ಒಳಗೆ ಹೋಗೂದಿಲ್ಲ ಅಂತದೆ. ಕಾಗದದ ಮೈ ನೋಡಿ, ಥಂಡಿಗೆ ಉಬ್ಬಿ ಕೂತದೆ.

ಮಾಸ್ತರ: ಬರ್ಕಂಡೆ. ನವಿಲು, ಒಂದನೇದು, ನಾಪಾಸು.

ವನಮಾಲಾ: ನಿಲ್ಲಿ, ನಿಲ್ಲಿ! ಪರೀಕ್ಷೆಗೆ ಕೂರೂಕೂ ಮೊದಲೇ ನಾಪಾಸಾ? ಚೌತಿಲಿ ಇಪ್ಪತ್ತೊಂದು ಮೋದಕ ತಿಂದು ನಿಮ್ಮ ಕೋಟಿನ ಗುಂಡಿ ಹಾಕೂಕೆ ಆಗ್ಲಿಲ್ಲ. ಕೋಟು ಬಿಸಾಡಿದ್ರಾ?

ಮಾಸ್ತರ: ಹದ್ನೆಂಟು.

ವನಮಾಲಾ: ಮೂರು ನೀವು ದೇವ್ರ ಕೋಣೇಲಿ ತಿಂದದ್ದು. ನಾನು ಕಂಡೇನೆ.

ಕುಪ್ಪ ಮೇಣದ ಬತ್ತಿಯ ತುಂಡಿನಿಂದ ತೋಟೆಯ ಮೈಯನ್ನು ನುಣ್ಣಗೆ ಉಜ್ಜಿದ. ಈ ಸಲ ಅದು ಒಳಗೆ ಹೋಯಿತು. ಕೋವಿಯನ್ನು ಭುಜಕ್ಕಿಟ್ಟು ಆಕಾಶ ನೋಡಿದ. ತಿರುಗಿದರೆ ಮಾಸ್ತರರು ಇದ್ದಲ್ಲಿ ಇಲ್ಲ.

ವನಮಾಲಾ: ಬರ್ಯೂಕೆ ಹುಲ್ಲು ಕುತ್ರಿ ಹಿಂದೆ ಎಂತಕ್ಕೆ ಹೋದ್ರಿ?

ಮಾಸ್ತರ: ಇಲ್ಲಿ ನೆರಳು ಅದೆ.

ವನಮಾಲಾ: ಕಿವಿಯಲ್ಲಿ ಹತ್ತಿ?

ಮಾಸ್ತರ: ನಂಗೆ ಥಂಡಿ ಹಿಡ್ದದೆ.

ವನಮಾಲಾ: ಹತ್ತಿ ಇಟ್ಕಂಡ್ರೂ ನಾ ಹೇಳಿದ್ದೆಲ್ಲ ಕೇಳ್ತದಲ್ಲ?

ಮಾಸ್ತರ: ನಿನ್ನ ಮಾತಿಗೆ ಹತ್ತಿ ಸಾಲೂದಿಲ್ಲ, ಹಾಸ್ಗೆಯೇ ಬೇಕು.

ಟಿಕ್.

ಕುಪ್ಪ ಕೋವಿಯ ಬಾಯನ್ನು ಗದ್ದೆಯ ಕಡೆಗೇ ಹಿಡಿದು, ಒಂದೇ ಕೈಯಲ್ಲಿ ಸೊಂಟದ ಸಂಚಿ ಬಿಚ್ಚಿ ಎಲೆ, ಅಡಿಕೆ, ಸುಣ್ಣ ತೆಗೆದ.

ಮಾಸ್ತರ: ಇದೆಂತ ಗೌಡ, ಪರೀಕ್ಷೆ ನಡುವೆ ಕವಳ?

ಕುಪ್ಪ: ಹಾರ್ದೇ ಇದ್ದ ಈಡನ್ನ ಗಡಬಡಿಲಿ ತೆಗೀಬಾರ್ದು ಮಾಸ್ತರ್ರೇ. ಮದ್ದು ಒಳಗೇ ಹೊಗೆ ಆಡ್ತಿದ್ರೆ ತಡೆದು ಹಾರ್ತದೆ. ಒಂದು ಕವಳ ಅಗಿದು ಉಗೂವಷ್ಟು ಹೊತ್ತು ಕಾಯ್ಬೇಕು. ನಾಯ್ಕರು ಕಲ್ಸಿದ ಲೆಕ್ಕ.

ಮಾಸ್ತರ: ಗಡಿಯಾರ ನೋಡಿ ಕಾದ್ರೆ ಆಗೂದಿಲ್ವಾ?

ಕುಪ್ಪ: ಗಡಿಯಾರ ಅಗಿಯೂಕೆ ಬತ್ತದಾ?

ನವಿಲು ಮಾರ್ಕಿನ ಎರಡನೆಯದು, ಟಿಕ್. ಇನ್ನೊಂದು ಕವಳ. ಮೂರನೆಯದೂ ಟಿಕ್. ಮತ್ತೊಂದು ಕವಳ. ಅಷ್ಟರಲ್ಲಿ ಕುಪ್ಪನ ಸಂಚಿ ಬರಿದಾಗಿ ವನಮಾಲಾ ಒಳಗಿನಿಂದ ಎಲೆಯ ಹರಿವಾಣವನ್ನೇ ತಂದಿಟ್ಟಳು. ಮಾಸ್ತರರು ಪಟ್ಟಿಯಲ್ಲಿ ಮೂರು ಸೊನ್ನೆ ಸುತ್ತಿದರು, ಅದೂ ಅಂದವಾಗಿ.

ವನಮಾಲಾ: ಸೊನ್ನೆ ಬರ್ಯೂದ್ರಲ್ಲಿ ಎಂತ ಉಮೇದಿ! ನಿಜ ಹೇಳಿ, ಈ ಕೋವಿ ಮೇಲೆ ನಿಮಗೆ ಎಂತ ಸಿಟ್ಟು?

ಮಾಸ್ತರ: ಸಿಟ್ಟೆಂತದು? ಎಂತದೂ ಇಲ್ಲ.

ವನಮಾಲಾ: ನನ್ನ ಮುಖ ನೋಡಿ ಹೇಳಿ.

ಮಾಸ್ತರರು ಕುತ್ರಿಯ ಹಿಂದಿನಿಂದ ಮುಖ ಮಾತ್ರ ಹೊರಗೆ ಹಾಕಿದರು.

ಮಾಸ್ತರ: ವರ್ಷಾ ವರ್ಷಾ ಲೈಸೆನ್ಸು ನವೀಕರಣಕ್ಕೆ ಮಾಮ್ಲೇದಾರ ಕಚೇರಿಲಿ ನಿಲ್ಲೂದು ಯಾರು? ನಾನು. ಲೈಸೆನ್ಸು ಯಾರ ಹೆಸ್ರಲ್ಲಿ? ನಿನ್ನ ಹೆಸ್ರಲ್ಲಿ. ಕಾರಕೂನ ಬಾಗ್ಲಿಗೆ ಬಂದು, ‘ವನಮಾಲಾ ಕೋಂ ಜಟ್ಟಪ್ಪ ನಾಯ್ಕ’ ಅಂತ ಕೂಗ್ತಾನೆ. ನಾನು ಎದ್ದು ‘ಹಾಜರ್’ ಅಂತೆ. ಕಚೇರಿ ಇಡೀ ನಗ್ತದೆ. ಸಾಲಲ್ಲಿ ನನ್ನ ಕೈಲಿ ಮಗ್ಗಿ ಕಲ್ತ ಹುಡ್ಗರೂ ಇರ್ತಾರೆ. ‘ಬಾಯಿಯೋರು ಬೇಟೆಗೆ ಹೋಗಾರ ಮಾಸ್ತರ್ರೇ?’ ಅಂತ ಕೇಳ್ತಾರೆ.

ವನಮಾಲಾ: ನೀವು ಎಂತ ಹೇಳಿದ್ರಿ?

ಮಾಸ್ತರ: ಮನೇಲಿ ಬಂಗಡೆ ಕೊಯ್ತಾ ಅವ್ಳೆ ಅಂದೆ.

ವನಮಾಲಾ: ಹಾಂ! ರೋಗ ಈಗ ಗೊತ್ತಾತು. ಕೋವಿ ಕೆಟ್ಟದೆ ಅಂತ ಅಲ್ಲ, ನಿಮ್ಮ ಮರ್ಯಾದೆಗೆ ತುಕ್ಕು ಬಂದದೆ ಅಂತ.

ಕುಪ್ಪ: ಮಾಸ್ತರ್ರೇ, ಒಂದು ಮಾತು. ನನ್ನ ಹೆಸ್ರೂ ಅದೇ ಲೈಸೆನ್ಸಿನಲ್ಲಿ ಅದೆ. ನಂಗೆ ಯಾರೂ ನಗ್ಲಿಲ್ಲ.

ಮಾಸ್ತರ: ನೀನು ಕಚೇರಿಗೆ ಬಂದ್ರೆ ತಾನೆ ನಗೂದು!

ಗಂಟೆ ಮಾರ್ಕಿನ ಸರದಿ ಬಂತು. ಇದು ಮಾಸ್ತರರ ಸ್ವಂತ ಆಯ್ಕೆ. ಮುಂಬೈಯಲ್ಲಿರುವ ಭಾವನಿಗೆ ಕಾಗದ ಬರೆದು, ಅಂಗಡಿಗೆ ಲೈಸೆನ್ಸಿನ ನಕಲು ಕಳಿಸಿ ತರಿಸಿದ್ದು. ಅದರ ಮೇಲಿನ ಬಣ್ಣದ ಚಿತ್ರವನ್ನು ಅವರು ಊರಿಗೆಲ್ಲ ತೋರಿಸಿ ಬಂದಿದ್ದರು. ಮೊದಲನೆಯದು, ಟಿಕ್.

ವನಮಾಲಾ: ಗಂಟೆ ಹೊಡೀಲಿಲ್ಲಲ್ಲ. ಶಾಲೆಗೆ ರಜೆಯಾ?

ಮಾಸ್ತರ: ತೋಟೆ ಒಳ್ಳೇದೇ. ಕೋವಿಗೆ ಹಳೇ ಸಾಮಾನು ತಿಂದು ರೂಢಿ, ಹೊಸದು ಪಚ್ಯಾಗೂದಿಲ್ಲ.

ಎರಡನೆಯದಕ್ಕೆ ಕುಪ್ಪ ಬೆರಳು ಎಳೆದ. ಢಂ! ತೆಂಗಿನ ಮರದ ಕಾಗೆಗಳೆಲ್ಲ ಒಟ್ಟಿಗೆ ಎದ್ದವು, ಬೆಕ್ಕು ಅಟ್ಟಕ್ಕೆ ಹಾರಿತು. ಮಾಸ್ತರರು ಕುತ್ರಿಯ ಹಿಂದಿನಿಂದ, “ನನ್ನದು! ನನ್ನ ಗಂಟೆ!” ಎಂದು ಕೂಗಿದರು. ಮರುಕ್ಷಣವೇ ತಾವು ಯಾವ ಪಕ್ಷದವರೆಂದು ನೆನಪಾಗಿ ಬಾಯಿ ಮುಚ್ಚಿದರು.

ವನಮಾಲಾ: ಖುಷಿ ಪಟ್ರಿ. ನಾನು ಕಂಡೆ.

ಮಾಸ್ತರ: ಖುಷಿ ತೋಟೆದು, ಕೋವಿದಲ್ಲ.

ಮೂರನೆಯ ಗಂಟೆ ಮತ್ತೆ ಟಿಕ್ ಎಂದಿತು. ಕುಪ್ಪ ಐದನೆಯ ಕವಳ ಹಾಕಿದ. ಇನ್ನು ಉಳಿದದ್ದು ಲಂಗರು ಮಾರ್ಕು ಮೂರೇ. ಒಂಬತ್ತು ವರ್ಷದ ಹಿಂದೆ ತಿಮ್ಮಪ್ಪ ನಾಯ್ಕರು ತಾವೇ ಕೊಂಡು ತಂದು, ಉಪಯೋಗಿಸುವ ಮೊದಲೇ ತೀರಿಕೊಂಡಿದ್ದರು. ವನಮಾಲಾ ಅವನ್ನು ಬುಟ್ಟಿಯಿಂದ ತೆಗೆದು ಒಂದೊಂದಾಗಿ ಸೆರಗಿನಲ್ಲಿ ಒರೆಸಿದಳು.

ಮಾಸ್ತರ: ಒಂಬತ್ತು ವರ್ಷದ ತೋಟೆ. ಇದು ಹಾರ್ತದೆ ಅಂತ ನೀನೂ ನಂಬೂದಿಲ್ಲ.

ವನಮಾಲಾ: ಅಪ್ಪ ತಂದ ಸಾಮಾನು.

ಢಂ!

ಮಾಸ್ತರರ ಪೆನ್ಸಿಲ್ ಕೈಯಿಂದ ಬಿತ್ತು.

ವನಮಾಲಾ: ಬರ್ಕಣಿ. ಸೊನ್ನೆ ಅಲ್ಲ ಈ ಸಲ.

ಢಂ!

ವನಮಾಲಾ: ಎರಡು! ಕುಪ್ಪಣ್ಣಾ, ಎರಡಾತು! ಕಂಡ್ರಾ? ಇನ್ನೊಂದು ಹಾರಿದ್ರೆ ಕೋವಿ ನಮ್ಮದು!

ಮಾಸ್ತರ: ಹೆಚ್ಚು ಕುಣೀಬೇಡ. ಇನ್ನೂ ಒಂದು ಅದೆ.

ಕುಪ್ಪ ಕೊನೆಯ ತೋಟೆ ಹಾಕಿದ. ವನಮಾಲಾ ಎರಡೂ ಕೈ ಜೋಡಿಸಿದಳು. ಮಾಸ್ತರರು ಕಿವಿಯ ಹತ್ತಿಯ ಮೇಲೆ ಬೆರಳನ್ನೂ ಇಟ್ಟರು.

ಟಿಕ್.

ಕುಪ್ಪ ಆರನೆಯ ಕವಳವನ್ನು ಎಂದಿಗಿಂತ ನಿಧಾನವಾಗಿ ಅಗಿದ. ಉಗಿದು ಬಂದು ಕೋವಿ ತೆರೆದು, ತೋಟೆಯ ತಳದ ಕೇಪನ್ನು ಬಿಸಿಲಿಗೆ ಹಿಡಿದು ನೋಡಿದ.

ಕುಪ್ಪ: ಮಾಸ್ತರ್ರೇ, ಇಲ್ಲಿ ಬನ್ನಿ. ಹೊಡ್ತವೇ ಬೀಳ್ಲಿಲ್ಲ ಇದಕ್ಕೆ. ಸೊಳ್ಳೆ ಕಚ್ಚಿದಷ್ಟು ಗುರುತು ಅದೆ, ಅಷ್ಟೇ. ಲಂಗರಿನ ಕೇಪು ಮೆತ್ತಗೆ, ಅದಕ್ಕೇ ಆ ಎರಡು ಹ್ಯಾಂಗೋ ಹಾರ್ದವು.

ಅವನು ಒಂದು ಮುಳ್ಳು ಮುರಿದು ತಂದು, ಕೋವಿಯ ಕುದುರೆ ಸುತ್ತಿಗೆಯಂತೆ ಬಂದು ಬಡಿಯುವ ಗುಳಿಯನ್ನು ಕೆದಕಿದ. ಒಂದು ಕೆಂಪು ಹೆಕ್ಕಳಿಕೆ ಎದ್ದು ಬಂತು. ಅದರ ಕೆಳಗೆ ಇನ್ನೊಂದು ಪದರ, ಅದರ ಕೆಳಗೆ ಮತ್ತೊಂದು.

ಮಾಸ್ತರ: ತುಕ್ಕು! ನಾನು ಹೇಳ್ಲಿಲ್ವಾ? ಶುದ್ಧ ತುಕ್ಕು!

ಕುಪ್ಪ: (ಮೂಸಿ ನೋಡಿ) ತುಕ್ಕಿಗೆ ಶ್ರೀಗಂಧದ ವಾಸನೆ ಬತ್ತದಾ ಮಾಸ್ತರ್ರೇ?

ಗಂಡಸರಿಬ್ಬರೂ ವನಮಾಲಾಳ ಕಡೆ ನೋಡಿದರು. ಅವಳ ಮುಖದ ಬಣ್ಣ ಹೋಗಿತ್ತು.

ವನಮಾಲಾ: ಅದು ನಂದು. ಆಯುಧಪೂಜೆ ದಿನ ಇಡೂದು. ಗೋಡೆಗೆ ನಿಲ್ಸಿದ್ರೆ ಎರಡು ಕುದುರೆ ನಡುವೆ ಹಣೆ ಇದ್ದಂಗೆ ಕಾಣ್ತದೆ. ಅಪ್ಪನ ಹಣೆ ಅಂತ ಗುಳಿ ತುಂಬ ಗಂಧ ತೇದು ಮೆತ್ತಿ, ಮೇಲೆ ಕುಂಕುಮ ಇಡ್ತಿದ್ದೆ. ಪೂಜೆ ಮಾಡಿದ್ದನ್ನ ಒರ್ಸೂದು ಹ್ಯಾಂಗೆ ಅಂತ ಹಂಗೇ ಬಿಟ್ಟೆ. ಮರುವರ್ಷ ಅದರ ಮೇಲೇ ಮತ್ತೆ.

ಮಾಸ್ತರ: ಒಂಬತ್ತು ವರ್ಷದ್ದೂ?

ವನಮಾಲಾ: ಒಂಬತ್ತೂ.

ಕುಪ್ಪ: ನಾಯ್ಕರು ಪೂಜೆ ಮಾರನೇ ದಿನ ಎಣ್ಣೆ ಬಟ್ಟೆಲಿ ತಿಕ್ಕಿ ಒರೆಸ್ತಿದ್ರು ತಂಗೀ. ದೇವ್ರಿಗೂ ಮಾರನೇ ದಿನ ಸ್ನಾನ ಮಾಡ್ಸೂದಿಲ್ವಾ ಅಂತಿದ್ರು.

ವನಮಾಲಾ: ನಂಗೆ ಯಾರು ಹೇಳಿದ್ರು? ಹೆಣ್ಣುಮಕ್ಕಳು ಕೋವಿ ಹತ್ತಿರ ಬರ್ಬಾರ್ದು ಅಂತ ಅಟ್ಟಿದ್ದೇ ಅಟ್ಟಿದ್ದು. ಅಪ್ಪನ ನೆಪ್ಪಿಗೆ ಅಂತ ಉಳಿದದ್ದು ಇದೊಂದೇ, ಇದರ ಬಾಯಿಗೆ ನಾನೇ ಗಂಧ ಮೆತ್ತಿ ಮೂಗ ಮಾಡಿದೆ. ಬೇಡ. ನಾಳೆ ಠಾಣೆಗೆ ಕೊಟ್ಟು ಬನ್ನಿ. ನಾನು ಸೋತೆ.

ಅವಳು ಸೆರಗನ್ನು ಕಣ್ಣಿಗೆ ಒತ್ತಿಕೊಂಡಳು. ಮಾಸ್ತರರು ವರ್ಷಗಟ್ಟಲೆ ಕಾದಿದ್ದ ಗೆಲುವು ಕಾಲ ಬುಡಕ್ಕೆ ಬಂದು ಬಿದ್ದಿತ್ತು. ಆದರೆ ಅವರಿಗೆ ಸಂತೋಷವಾಗಲಿಲ್ಲ. ಹೆಂಡತಿ ಅತ್ತರೆ ಅವರಿಗೆ ಮಗ್ಗಿಯೂ ಮರೆತುಹೋಗುತ್ತದೆ. ಪಟ್ಟಿ ಪುಸ್ತಕ ಮಡಚಿ ಅವಳ ಹತ್ತಿರ ಬಂದರು.

ಮಾಸ್ತರ: ಎಂತ ಸೋಲೂದು? ಪರೀಕ್ಷೆಯೇ ಆಗ್ಲಿಲ್ಲ ಇಲ್ಲಿ.

ವನಮಾಲಾ: ಒಂಬತ್ತೂ ಆತಲ್ಲ. ನೀವೇ ಬರ್ಕಂಡ್ರಿ.

ಮಾಸ್ತರ: ಟಾಕಿನ ತುದಿಗೆ ಕಸ ಕೂತು ಶಾಯಿ ಇಳೀದೇ ಹೋದ್ರೆ ಹುಡ್ಗನ್ನ ನಾಪಾಸು ಮಾಡೂದಾ? ಟಾಕು ಒರ್ಸಿ, ಮತ್ತೆ ಬರ್ಯೂಕೆ ಕೊಡೂದು. ಈ ತೋಟೆ ಇನ್ನೂ ಹಾಗೇ ಅದೆ. ಮತ್ತೆ ಹಾಕ್ಬೇಕು.

ವನಮಾಲಾ: ಮಾತು ಅಂದ್ರೆ ಮಾತು. ಕೋವಿ ಠಾಣೆಗೆ.

ಮಾಸ್ತರ: ಠಾಣೆಗೆ ಯಾರು ತಕ ಹೋಗೂದು? ನಾ ಹೋಗೂದಿಲ್ಲ.

ವನಮಾಲಾ: ಬೆಳಿಗ್ಗೆಯಿಂದ ಹೋಗ್ತೆ ಹೋಗ್ತೆ ಅಂತ ಕುಣೀತಿದ್ರಿ!

ಮಾಸ್ತರ: ಬೆಳಿಗ್ಗೆ ಕಾಲು ನೋವಿರ್ಲಿಲ್ಲ.

ಕುಪ್ಪ: ಸ್ವಲ್ಪ ನಿಲ್ಲಿ ಮಾರಾಯ್ರೆ. ಬೆಳಿಗ್ಗೆ ಇವ್ರು ಬೇಡ ಅಂದ್ರು, ನೀನು ಬೇಕು ಅಂದೆ. ಈಗ ನೀನು ಬೇಡ ಅಂತೆ, ಇವ್ರು ಬೇಕು ಅಂತ್ರು. ನೀವಿಬ್ರೂ ಒಂದು ದಿಕ್ಕಿಗೆ ಬರೂಷ್ಟರಲ್ಲಿ ನೀರುಕೋಳಿ ಕಗ್ಗ ಕೊಯ್ದು ಹೊರೆ ಕಟ್ತವೆ.

ಅವನು ಮಾತಾಡುತ್ತಲೇ ತೆಂಗಿನೆಣ್ಣೆಯ ಬಟ್ಟೆಯಿಂದ ಗುಳಿಯನ್ನು ಒರೆಸಿ ಮುಗಿಸಿದ್ದ. ಕೊನೆಯ ಲಂಗರು ತೋಟೆಯನ್ನು ಮತ್ತೆ ಹಾಕಿ, ಕೋವಿ ಮುಚ್ಚಿ ಭುಜಕ್ಕೆ ಏರಿಸಲು ಹೋದ. ಮಾಸ್ತರರು ಅವನ ಕೈ ಹಿಡಿದರು.

ಮಾಸ್ತರ: ನೀನಲ್ಲ ಗೌಡ. ಅವ್ಳಿಗೆ ಕೊಡು.

ವನಮಾಲಾ: ನಂಗಾ? ನಂಗೆ ಬರೂದಿಲ್ಲ!

ಮಾಸ್ತರ: ನಿಮ್ಮಪ್ಪನ ಕೋವಿ, ನಿಮ್ಮಪ್ಪನ ತೋಟೆ. ಇರ್ತದೋ ಹೋಗ್ತದೋ, ನೀನೇ ಕೇಳು ಅದನ್ನ. ಗೌಡ, ಹಿಡಿಯೂದು ಹ್ಯಾಂಗೆ ತೋರ್ಸು.

ಕುಪ್ಪ: ಹಿಡಿ ಭುಜಕ್ಕೆ ಒತ್ತಿ ಇಟ್ಕಾ ತಂಗೀ. ಸಡ್ಲ ಬಿಟ್ರೆ ಒದೀತದೆ. ಎಡಗಾಲು ಮುಂದೆ. ಬಾಯಿ ಗದ್ದೆ ಮೇಲೆ, ಆಕಾಶಕ್ಕೆ. ಆತಾ? ಉಸ್ರು ಹಿಡಿ. ಬೆರಳು ಮೆಲ್ಲಗೆ.

ವನಮಾಲಾ ಸೀರೆಯ ಸೆರಗನ್ನು ಸೊಂಟಕ್ಕೆ ಬಿಗಿದಳು. ಹುಟ್ಟಿದಾಗಿನಿಂದ ನೋಡಿದ, ಒಮ್ಮೆಯೂ ಭುಜಕ್ಕೆ ಇಟ್ಟಿರದ ಕೋವಿ. ಮರದ ಹಿಡಿ ಅಪ್ಪನ ಕೆನ್ನೆ ತಾಗಿ ತಾಗಿ ಒಂದು ಕಡೆ ನುಣುಪಾಗಿತ್ತು. ಅಲ್ಲಿಗೇ ಅವಳ ಕೆನ್ನೆಯೂ ಹೋಗಿ ಕೂತಿತು. ಮಾಸ್ತರರು ಈ ಸಲ ಕುತ್ರಿಯ ಹಿಂದೆ ಹೋಗಲಿಲ್ಲ. ಹತ್ತಿ ತೆಗೆದು ಎಸೆದು, ಹೆಂಡತಿಯ ಹಿಂದೆ ಎರಡು ಮಾರು ದೂರದಲ್ಲಿ ಎದೆ ಸೆಟೆಸಿ ನಿಂತರು.

ಢಂ!

ಆ ಸದ್ದು ಹಿನ್ನೀರಿನ ಆಚೆ ದಡಕ್ಕೆ ತಾಗಿ ತಿರುಗಿ ಬಂತು. ಗಜನಿಯಿಂದ ನೀರುಕೋಳಿಗಳ ದಂಡು ಇಡಿಯಾಗಿ ಎದ್ದು ಸಮುದ್ರದ ಕಡೆ ಹಾರಿತು. ಹೊಗೆ ಸರಿದಾಗ ವನಮಾಲಾ ಇಟ್ಟ ಕಾಲು ಇಟ್ಟಲ್ಲೇ ನಿಂತಿದ್ದಳು. ಅವಳ ಕಣ್ಣಲ್ಲಿ ನೀರಿತ್ತು, ಮುಖ ತುಂಬ ನಗು ಇತ್ತು. ಮಾಸ್ತರರು ಮಾತ್ರ ಕಾಣಲಿಲ್ಲ.

ಕುಪ್ಪ: ತಂಗೀ, ಮೂರಕ್ಕೆ ಮೂರು! ಕೋವಿ ಗೆದ್ದದೆ! ಮಾಸ್ತರ್ರೆಲ್ಲಿ?

ಮಾಸ್ತರರು ಬಸಳೆ ಚಪ್ಪರದ ಬುಡದಲ್ಲಿ ಅಂಗಾತ ಬಿದ್ದಿದ್ದರು. ಕಾಲು ಹಿತ್ತಲಿನಲ್ಲಿ, ತಲೆ ಬಸಳೆಯಲ್ಲಿ.

ವನಮಾಲಾ: ಅಯ್ಯೋ ದೇವ್ರೆ! ತಾಗ್ತಾ ನಿಮಗೆ?

ಮಾಸ್ತರ: (ಬಸಳೆ ಬಳ್ಳಿ ಬಿಡಿಸಿಕೊಳ್ಳುತ್ತ) ನಂಗೆಂತ ಆಗ್ಲಿಲ್ಲ. ಕೋವಿ ಇನ್ನು ಗೋಡೆ ಬಿಟ್ಟು ಎಲ್ಲೂ ಹೋಗೂದಿಲ್ಲ, ಬರ್ಕಂಡೆ ಅಂತ ತಿಳ್ಕಾ. ಆದ್ರೆ ಇದೆಂತ ನ್ಯಾಯ ಮಾರಾಯ್ತಿ? ಹೊಡೆದವ್ಳು ನಿಂತವ್ಳೆ, ನೋಡ್ತಾ ನಿಂತವ ಬಿದ್ದಾನೆ. ನಿಂಗೆ ಅದು ಒದೀಲೇ ಇಲ್ವಾ?

ವನಮಾಲಾ: ಒದೀದೇ ಇರ್ತದಾ? ಭುಜ ಬೀಳ್ತಾ ಅದೆ. ಆದ್ರೆ ಬೀಳೂಕೆ ಪುರ್ಸೊತ್ತು ಎಲ್ಲಿ ಅದೆ ನಂಗೆ? ಒಲೆ ಮೇಲೆ ಅನ್ನ ಇಟ್ಟು ಬಂದೇನೆ.